ಶಾಖೆಗಳ ಚಾಟ್‌ನಲ್ಲಿ ಸರ್ಟಿಫಿಕೇಟ್ ಎಚ್ಚರಿಕೆ: ನಾನು ಹುಡುಕಿ ಸರಿಪಡಿಸಿದ ಕ್ರಮ

ನಮ್ಮ ಮುಖ್ಯ ಕಚೇರಿ ಕಾಸರಗೋಡು ಪೇಟೆಯಲ್ಲಿ. ಶಾಖೆಗಳು ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳದಲ್ಲಿ. ಕಚೇರಿಯೊಳಗಿನ ಮಾತುಕತೆಯೆಲ್ಲ ಮ್ಯಾಟರ್‌ಮೋಸ್ಟ್ ಎಂಬ ಚಾಟ್ ಆ್ಯಪ್‌ನಲ್ಲಿ. ಸರ್ವರ್ ಮುಖ್ಯ ಕಚೇರಿಯಲ್ಲೇ ಇದೆ: ಉಬುಂಟು (ಲಿನಕ್ಸ್), ಚಾಟ್‌ನ ಎದುರಿಗೆ ನಿಂತು ಹೊರಗಿನ ಕರೆ ಸ್ವೀಕರಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್, 'ಈ ವಿಳಾಸ ಈ ಸರ್ವರಿನದೇ' ಎಂದು ಸಾಕ್ಷಿ ಹೇಳಲು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಸರ್ಟಿಫಿಕೇಟ್. ನೋಡುವವರಿಗೆ ಎಚ್ಚರಿಕೆ ಎಲ್ಲ ಸಲವೂ ಒಂದೇ ತರಹ ಕಾಣುತ್ತದೆ, ಕಾರಣ ಮಾತ್ರ ಪ್ರತಿ ಸಲ ಬೇರೆ. ಹಾಗಾಗಿ ಸರ್ವರ್ ಮುಟ್ಟುವ ಮೊದಲು ನಾನು ತಿಳಿದುಕೊಳ್ಳುವುದು ಒಂದೇ: ಆ್ಯಪ್‌ನ ಕರೆಗೆ ಉತ್ತರ ಕೊಟ್ಟದ್ದು ನಮ್ಮ ಸರ್ವರೋ, ಬೇರೆ ಯಾವುದೋ?

ಶಾಖೆಯಿಂದ ಫೋನು ಬರುವುದು ಹೀಗೆ: "ಸಾರ್, ಚಾಟ್ ಓಪನ್ ಮಾಡುವಾಗ ಕೆಂಪಗೆ ಎಂತದೋ ಬರ್ತದೆ. ಮುಂದೆ ಹೋಗ್ಲಾ?" ಮುಂದೆ ಹೋಗುವುದು ಬೇಡ, ಪರದೆಯ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಎನ್ನುತ್ತೇನೆ. ಇಲ್ಲಿ ಒಬ್ಬರ ಫೋನು ಮಲಯಾಳದಲ್ಲಿ, ಇನ್ನೊಬ್ಬರದು ಕನ್ನಡದಲ್ಲಿ, ಮತ್ತೊಬ್ಬರದು ಇಂಗ್ಲಿಷಿನಲ್ಲಿ ಇರುತ್ತದೆ. ವಾಕ್ಯವನ್ನು ಫೋನಿನಲ್ಲಿ ಓದಿಸಿ ಅರ್ಥ ಮಾಡಿಕೊಳ್ಳಲು ಹೊರಟರೆ ದಾರಿ ತಪ್ಪುತ್ತದೆ. ಅದೇ ವಿಳಾಸವನ್ನು ಕ್ರೋಮ್‌ನಲ್ಲಿ ತೆರೆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ಎರರ್ ಕೋಡ್ ಎಲ್ಲ ಭಾಷೆಯಲ್ಲೂ ಒಂದೇ. ಕೋಡ್‌ನಲ್ಲಿ 'ಡೇಟ್ ಇನ್‌ವ್ಯಾಲಿಡ್' ಇದ್ದರೆ ಅವಧಿಯ ಅಥವಾ ಗಡಿಯಾರದ ಸಮಸ್ಯೆ. 'ಕಾಮನ್ ನೇಮ್ ಇನ್‌ವ್ಯಾಲಿಡ್' ಇದ್ದರೆ ಬಂದ ಸರ್ಟಿಫಿಕೇಟ್ ಬೇರೆ ಹೆಸರಿನದು. 'ಅಥಾರಿಟಿ ಇನ್‌ವ್ಯಾಲಿಡ್' ಇದ್ದರೆ ಅದಕ್ಕೆ ಸಹಿ ಹಾಕಿದವರನ್ನು ಈ ಯಂತ್ರ ನಂಬುತ್ತಿಲ್ಲ.

ಎರಡನೆಯ ಫೋಟೋ ಇನ್ನೂ ಮುಖ್ಯ. ವಿಳಾಸದ ಎಡಕ್ಕೆ ಇರುವ 'ನಾಟ್ ಸೆಕ್ಯೂರ್' ಒತ್ತಿ ಸರ್ಟಿಫಿಕೇಟ್ ತೆರೆದರೆ 'ಇಶ್ಯೂಡ್ ಬೈ' ಸಾಲು ಸಿಗುತ್ತದೆ. ಅಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಇದ್ದು ಹೆಸರೂ ನಮ್ಮದೇ ಆಗಿದ್ದರೆ ತಪ್ಪು ನಮ್ಮ ಸರ್ವರಿನದು ಅಥವಾ ಆ ಯಂತ್ರದ ಗಡಿಯಾರದ್ದು. ರೂಟರ್ ಕಂಪನಿಯ ಹೆಸರಿದ್ದರೆ ಉತ್ತರಿಸಿದ್ದು ರೂಟರ್. ಆ್ಯಂಟಿವೈರಸ್ ಹೆಸರಿದ್ದರೆ ಅದು ನಡುವೆ ನಿಂತು ಸಂಪರ್ಕ ಬಿಚ್ಚಿ ನೋಡುತ್ತಿದೆ ಎಂದರ್ಥ. ಅದರ ಸೆಟ್ಟಿಂಗ್‌ನ ಎಚ್‌ಟಿಟಿಪಿಎಸ್ ಸ್ಕ್ಯಾನ್‌ನಿಂದ ನಮ್ಮ ವಿಳಾಸವನ್ನು ಹೊರಗಿಟ್ಟರೆ ಮುಗಿಯಿತು. ಈ ಯಾವುದೂ ಅಲ್ಲದ ಅಪರಿಚಿತ ಹೆಸರು ಕಂಡರೆ ಆ ನೆಟ್‌ವರ್ಕ್‌ನಿಂದ ಲಾಗಿನ್ ಮಾಡಿಸುವುದಿಲ್ಲ. ಈಗಾಗಲೇ ಒತ್ತಿ ಒಳಗೆ ಹೋಗಿದ್ದರೆ ಬೇರೆ ನೆಟ್‌ವರ್ಕ್‌ನಿಂದ ಪಾಸ್‌ವರ್ಡ್ ಬದಲಿಸಿ, ಹಳೆಯ ಸೆಷನ್‌ಗಳನ್ನೆಲ್ಲ ರದ್ದು ಮಾಡುತ್ತೇನೆ.

ಮೂರನೆಯ ಪರೀಕ್ಷೆಗೆ ಅರ್ಧ ನಿಮಿಷ ಸಾಕು: ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆದು ನೋಡುವುದು. ನಮಗೆ ಅತಿ ಹೆಚ್ಚು ಕಾಡಿದ ತೊಂದರೆ ಇಲ್ಲೇ ಸಿಕ್ಕಿತು. ಮೊಬೈಲ್ ಡೇಟಾದಲ್ಲಿ ಸರಿ, ಶಾಖೆಗಳಲ್ಲಿ ಸರಿ, ಸರ್ವರ್ ಇರುವ ಮುಖ್ಯ ಕಚೇರಿಯ ವೈಫೈಯಲ್ಲಿ ಮಾತ್ರ ಎಚ್ಚರಿಕೆ. ಇಶ್ಯೂಡ್ ಬೈ ಸಾಲಿನಲ್ಲಿ ರೂಟರ್ ತಯಾರಕರ ಹೆಸರು. ಕಾರಣ ಹೀಗೆ. ಚಾಟ್ ವಿಳಾಸವನ್ನು ಡಿಎನ್ಎಸ್‌ನಲ್ಲಿ (ಹೆಸರಿಗೆ ಐಪಿ, ಅಂದರೆ ಜಾಲದ ಅಂಕಿಯ ವಿಳಾಸ, ಹೇಳುವ ಸೇವೆ) ಕೇಳಿದರೆ ಕಚೇರಿಯ ಹೊರಗಿನ ಐಪಿ ಸಿಗುತ್ತದೆ. ಹೊರಗಿನಿಂದ ಬಂದ ಕರೆಯನ್ನು ರೂಟರ್ 443ನೇ ಪೋರ್ಟ್‌ನಿಂದ ಒಳಗಿನ ಸರ್ವರಿಗೆ ದಾಟಿಸುತ್ತದೆ. ಒಳಗಿನಿಂದಲೇ ಹೊರಟು ಅದೇ ಹೊರಗಿನ ಐಪಿಗೆ ಹೋದ ಕರೆಯನ್ನು ಹಿಂದಕ್ಕೆ ತಿರುಗಿಸುವ ಸೌಲಭ್ಯ, ಅಂದರೆ ಹೇರ್‌ಪಿನ್ ನ್ಯಾಟ್, ಎಲ್ಲ ರೂಟರ್‌ಗಳಲ್ಲಿ ಇರುವುದಿಲ್ಲ. ಅದು ಇಲ್ಲದ ರೂಟರ್ 'ಈ ಐಪಿ ನನ್ನದೇ' ಎಂದು ತಿಳಿದು ತನ್ನ ಅಡ್ಮಿನ್ ಪುಟವನ್ನೂ, ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟನ್ನೂ ಮುಂದಿಡುತ್ತದೆ. ಆ್ಯಪ್ ಅದನ್ನು ತಿರಸ್ಕರಿಸಿದ್ದು ಸರಿಯೇ.

ಪರಿಹಾರ: ಒಳಗಿನವರಿಗೆ ಒಳಗಿನ ಐಪಿಯನ್ನೇ ಹೇಳುವುದು. ಸರ್ವರಿಗೆ ಸ್ಥಿರ ಐಪಿ ಕೊಟ್ಟೆ, 192.168.1.10. ಅದರ ಮೇಲೆಯೇ ಡಿಎನ್ಎಸ್‌ಮಾಸ್ಕ್ ಎಂಬ ಸಣ್ಣ ಡಿಎನ್ಎಸ್ ಸರ್ವರ್ ಹಾಕಿ, ಹೋಸ್ಟ್-ರೆಕಾರ್ಡ್ ಎಂಬ ಒಂದು ಸಾಲಿನಲ್ಲಿ ಚಾಟ್‌ನ ಹೆಸರನ್ನು ಈ ಐಪಿಗೆ ಕಟ್ಟಿದೆ. ಯಂತ್ರಗಳಿಗೆ ಐಪಿ ಹಂಚುವ ರೂಟರಿನ ಡಿಎಚ್‌ಸಿಪಿಯಲ್ಲಿ ಡಿಎನ್ಎಸ್ ಆಗಿ ಇದೊಂದನ್ನೇ ಕೊಟ್ಟೆ. 'ಇದೊಂದನ್ನೇ' ಎಂಬುದನ್ನು ಗಮನಿಸಬೇಕು. ಎರಡನೆಯದಾಗಿ ಗೂಗಲ್‌ನ 8.8.8.8 ಹಾಕಿಟ್ಟರೆ ಕಂಪ್ಯೂಟರ್ ಒಮ್ಮೆ ಇದನ್ನು, ಒಮ್ಮೆ ಅದನ್ನು ಕೇಳುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಎಚ್ಚರಿಕೆ ಎಂಬ, ಹಿಡಿತಕ್ಕೇ ಸಿಗದ ತೊಂದರೆ ಶುರುವಾಗುತ್ತದೆ. ಇಷ್ಟಾದ ಮೇಲೂ ಒಂದೆರಡು ಫೋನುಗಳಲ್ಲಿ ಎಚ್ಚರಿಕೆ ಹೋಗಲಿಲ್ಲ. ಆಂಡ್ರಾಯ್ಡ್‌ನ 'ಪ್ರೈವೇಟ್ ಡಿಎನ್ಎಸ್'ನಲ್ಲಿ ಹೊರಗಿನ ಸೇವೆಯ ಹೆಸರು ತುಂಬಿಸಿದ್ದರೆ ಫೋನು ಕಚೇರಿಯ ಡಿಎನ್ಎಸ್ ಅನ್ನು ಕೇಳುವುದೇ ಇಲ್ಲ. ಅದನ್ನು 'ಆಟೋಮ್ಯಾಟಿಕ್'ಗೆ ತಿರುಗಿಸಿದ ಮೇಲೆ ಸರಿಹೋಯಿತು. ಕ್ರೋಮ್‌ನ 'ಸೆಕ್ಯೂರ್ ಡಿಎನ್ಎಸ್'ನಲ್ಲಿ ಹೊರಗಿನ ಸೇವೆಯನ್ನು ಆರಿಸಿದ್ದರೂ ಇದೇ ತೊಂದರೆ.

ಈ ಗೊಂದಲದ ನಡುವೆ ಯಾರಾದರೂ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ 'ಟ್ರಸ್ಟ್ ಇನ್‌ಸೆಕ್ಯೂರ್ ಸರ್ಟಿಫಿಕೇಟ್' ಒತ್ತಿದ್ದರೆ ಆ್ಯಪ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆ್ಯಪ್ ಮುಚ್ಚಿ, ಅದರ ಡೇಟಾ ಫೋಲ್ಡರ್‌ನಲ್ಲಿರುವ ಸರ್ಟಿಫಿಕೇಟ್ ಜೇಸನ್ ಕಡತವನ್ನು ಅಳಿಸಿದರೆ ನೆನಪು ಹೋಗುತ್ತದೆ. ಇದನ್ನು ನಾನು ಬಿಡದೆ ಮಾಡುತ್ತೇನೆ. ಇಲ್ಲಿ ಒತ್ತಿ ರೂಢಿಯಾದ ಕೈ ಬ್ಯಾಂಕಿನ ಪುಟದಲ್ಲೂ ಒತ್ತುತ್ತದೆ.

ಇದರ ತಲೆಕೆಳಗಾದ ರೂಪವೂ ಉಂಟು: ಕಚೇರಿಯಲ್ಲಿ ಸರಿ, ಮೊಬೈಲ್ ಡೇಟಾದಲ್ಲಿ ಎಚ್ಚರಿಕೆ. ಆಗ ಡಿಎನ್ಎಸ್‌ನ ಎಎಎಎ ದಾಖಲೆ, ಅಂದರೆ ಹೊಸ ಬಗೆಯ ಐಪಿಯಾದ ಐಪಿವಿ6ನ ದಾಖಲೆ, ನೋಡಬೇಕು. ಸರ್ವರ್ ಬದಲಿಸುವಾಗ ಐಪಿವಿ4 ದಾಖಲೆ ತಿದ್ದಿ ಐಪಿವಿ6ನದನ್ನು ಮರೆತರೆ, ಐಪಿವಿ6ನಲ್ಲಿ ನಡೆಯುವ ಮೊಬೈಲ್ ಜಾಲದ ಫೋನುಗಳು ಹಳೆಯ ಯಂತ್ರಕ್ಕೇ ಹೋಗುತ್ತವೆ.

ಇನ್ನು ಉತ್ತರಿಸಿದ್ದು ನಮ್ಮ ಸರ್ವರೇ ಆಗಿದ್ದಾಗ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಎಲ್ಲ ಚೆನ್ನಾಗಿದೆ, ಫೋನಿನ ಆ್ಯಪ್ ಮಾತ್ರ ಸಂಪರ್ಕಿಸುವುದಿಲ್ಲ ಎಂದರೆ ನಡುವಿನ ಸರ್ಟಿಫಿಕೇಟ್ (ನಮ್ಮ ಸರ್ಟಿಫಿಕೇಟನ್ನು ಫೋನು ನಂಬುವ ಮೂಲ ಸರ್ಟಿಫಿಕೇಟಿಗೆ ಜೋಡಿಸುವ ಕೊಂಡಿ) ಬಿಟ್ಟುಹೋಗಿದೆಯೇ ಎಂದು ಮೊದಲು ನೋಡುತ್ತೇನೆ. ವಿಲೇಜ್ ಆಫೀಸಿನ ಪ್ರಮಾಣಪತ್ರದಲ್ಲಿ ಸಹಿ ಇದೆ, ಸಹಿ ಹಾಕಿದವರು ಯಾರೆಂದು ಹೇಳುವ ಸೀಲೇ ಇಲ್ಲ ಎಂಬಂಥ ಸ್ಥಿತಿ ಇದು. ಕ್ರೋಮ್ ಬಿಟ್ಟುಹೋದ ಕೊಂಡಿಯನ್ನು ತಾನೇ ತರಿಸಿಕೊಳ್ಳಬಲ್ಲದು, ಹಾಗಾಗಿ ಕಂಪ್ಯೂಟರಿನಲ್ಲಿ ತಪ್ಪು ಮುಚ್ಚಿಹೋಗುತ್ತದೆ. ಆ್ಯಪ್‌ಗಳು ಸಾಮಾನ್ಯವಾಗಿ ಆ ಶ್ರಮ ತೆಗೆದುಕೊಳ್ಳುವುದಿಲ್ಲ. ಇದನ್ನು ಕಂಡುಹಿಡಿಯಲು ಸರ್ವರಿನ ಹೊರಗಿನ ಯಾವುದಾದರೂ ಯಂತ್ರದಿಂದ ಸರ್ಟಿಫಿಕೇಟ್ ಪರೀಕ್ಷಿಸಬಲ್ಲ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಎಸ್-ಕ್ಲೈಂಟ್ ಆಜ್ಞೆಯನ್ನು ಕನೆಕ್ಟ್, ಸರ್ವರ್‌ನೇಮ್, ಶೋಸರ್ಟ್ಸ್ ಎಂಬ ಮೂರು ಆಯ್ಕೆಗಳೊಂದಿಗೆ ನಡೆಸುತ್ತೇನೆ. ಒಂದೇ ಸರ್ಟಿಫಿಕೇಟ್ ಬಂದು, ಕೊನೆಯಲ್ಲಿ ವೆರಿಫೈ ಕೋಡ್ 21 ಇದ್ದರೆ ಕೊಂಡಿ ತಪ್ಪಿದೆ. 10 ಬಂದರೆ ಅವಧಿ ಮುಗಿದಿದೆ. 18 ಬಂದರೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್. ಎಂಜಿನ್‌ಎಕ್ಸ್‌ನ ಸೆಟ್ಟಿಂಗ್‌ನಲ್ಲಿ 'ಸರ್ಟ್' ಪೆಮ್ ಕಡತದ ಬದಲು ಕೊಂಡಿಯೂ ಸೇರಿರುವ 'ಫುಲ್‌ಚೈನ್' ಪೆಮ್ ಕಡತ ಕೊಟ್ಟು ರೀಲೋಡ್ ಮಾಡಿದರೆ ಸರಿಯಾಗುತ್ತದೆ. ಸರ್ಟಿಫಿಕೇಟನ್ನು ಫೋನುಗಳಿಗೆ ಕೈಯಾರೆ ಹಾಕಿ ದಾಟಿಸಲು ಹೋಗಬಾರದು: ಆಂಡ್ರಾಯ್ಡ್ 7ರಿಂದ ಈಚೆಗೆ, ಬಳಕೆದಾರರು ಸೇರಿಸಿದ, ಸರ್ಟಿಫಿಕೇಟ್‌ಗೆ ಸಹಿ ಹಾಕುವ ಪ್ರಾಧಿಕಾರಗಳನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. 7.1.1ಕ್ಕಿಂತ ಹಳೆಯ ಫೋನುಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಸರ್ಟಿಫಿಕೇಟೇ ಗೊತ್ತಿಲ್ಲ. ಅವಕ್ಕೆ ಆಸರೆಯಾಗಿದ್ದ ಹಳೆಯ ಅಡ್ಡಸಹಿ (ಆ ಫೋನುಗಳಿಗೆ ಗೊತ್ತಿದ್ದ ಇನ್ನೊಂದು ಸಂಸ್ಥೆಯ ಸಹಿ) 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಂಥ ಫೋನು ಬದಲಿಸುವುದೇ ದಾರಿ.

ಅವಧಿ ಮುಗಿದ ಪ್ರಕರಣಗಳಲ್ಲಿ ಹೆಚ್ಚಿನವು 'ನವೀಕರಣ ಆಗಿದೆ, ಆದರೂ ಹಳತೇ ಕಾಣುತ್ತಿದೆ' ಎಂಬ ಬಗೆಯವು. ನಮ್ಮ ಸರ್ಟಿಫಿಕೇಟ್ 90 ದಿನದ್ದು. ಇನ್ನು 30 ದಿನ ಇರುವಾಗ ನವೀಕರಣದ ತಂತ್ರಾಂಶ ಸರ್ಟ್‌ಬಾಟ್ ಹೊಸದನ್ನು ತಂದು ಡಿಸ್ಕ್‌ನಲ್ಲಿ ಇಡುತ್ತದೆ. ಎಂಜಿನ್‌ಎಕ್ಸ್ ಮಾತ್ರ ಶುರುವಾದಾಗ ಓದಿದ ಹಳೆಯದನ್ನೇ ಮೆಮೊರಿಯಲ್ಲಿ ಹಿಡಿದಿರುತ್ತದೆ. ಸರ್ಟ್‌ಬಾಟ್‌ನ ಎಂಜಿನ್‌ಎಕ್ಸ್ ಪ್ಲಗಿನ್ ಬಳಸಿದರೆ ರೀಲೋಡ್ ತಾನಾಗಿ ಆಗುತ್ತದೆ. ಪರೀಕ್ಷೆಯ ಕಡತವನ್ನು ಸೈಟಿನ ಫೋಲ್ಡರ್‌ನಲ್ಲಿ ಇಡುವ ವೆಬ್‌ರೂಟ್ ವಿಧಾನದಲ್ಲಿ ಆಗುವುದಿಲ್ಲ. ಆಗ ಸರ್ಟ್‌ಬಾಟ್‌ನ ರಿನ್ಯೂವಲ್-ಹುಕ್ಸ್ ಫೋಲ್ಡರ್‌ನೊಳಗಿನ ಡಿಪ್ಲಾಯ್‌ನಲ್ಲಿ ಎಂಜಿನ್‌ಎಕ್ಸ್ ರೀಲೋಡ್ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಇಟ್ಟು, ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಡಬೇಕು. ಅನುಮತಿ ಮರೆತರೆ ಸ್ಕ್ರಿಪ್ಟ್ ಇದ್ದೂ ಓಡುವುದಿಲ್ಲ. ಸುರಕ್ಷತೆಗೆಂದು 80ನೇ ಪೋರ್ಟ್ ಮುಚ್ಚುವುದು ಮತ್ತೊಂದು ತಪ್ಪು: ವಿಳಾಸ ನಮ್ಮದೇ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಖಚಿತಪಡಿಸಿಕೊಳ್ಳುವ ಎಚ್‌ಟಿಟಿಪಿ-01 ಪರೀಕ್ಷೆ ಬರುವುದೇ ಆ ಪೋರ್ಟ್‌ಗೆ. ರೂಟರ್ ಬದಲಿಸಿದ ದಿನವೇ ಸರ್ಟ್‌ಬಾಟ್ ರಿನ್ಯೂವನ್ನು ಡ್ರೈ-ರನ್ (ನಿಜವಾಗಿ ನವೀಕರಿಸದೆ ಪರೀಕ್ಷಿಸುವ) ಆಯ್ಕೆಯೊಂದಿಗೆ ಓಡಿಸಿ ನೋಡುವುದು ಒಳ್ಳೆಯದು.

ಇಲ್ಲಿ ಕಂಪ್ಯೂಟರಿನ ಗಡಿಯಾರಕ್ಕೆ ದೊಡ್ಡ ಶತ್ರು ಸಿಡಿಲು. ವಿಷುವಿನ ಆಸುಪಾಸಿನ ಮಳೆಗೂ ತುಲಾ ತಿಂಗಳ ಗುಡುಗು ಮಳೆಗೂ ಎಲ್ಲರೂ ಸಂಜೆ ಪ್ಲಗ್ ಕಿತ್ತಿಟ್ಟು ಹೋಗುತ್ತಾರೆ, ಹೋಗಲೇಬೇಕು. ಆಗ ಗಡಿಯಾರ ನಡೆಯುವುದು ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ಲಿನ ಬಲದಲ್ಲಿ. ಸೆಲ್ ಸತ್ತಿದ್ದರೆ ಬೆಳಿಗ್ಗೆ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಗುರುತಿಸುವುದು ಸುಲಭ: ಚಾಟ್ ಮಾತ್ರವಲ್ಲ, ಎಲ್ಲ ಸೈಟುಗಳೂ 'ಡೇಟ್ ಇನ್‌ವ್ಯಾಲಿಡ್' ಎನ್ನುತ್ತವೆ. ಡೊಮೈನ್‌ಗೆ (ಕಚೇರಿಯ ಕೇಂದ್ರ ನಿಯಂತ್ರಣದ ಜಾಲಕ್ಕೆ) ಸೇರದ ವಿಂಡೋಸ್ ಯಂತ್ರದಲ್ಲಿ ವ್ಯತ್ಯಾಸ 15 ಗಂಟೆ ಮೀರಿದರೆ ಸಮಯದ ಸೇವೆ ಅದನ್ನು ತಾನಾಗಿ ತಿದ್ದುವುದಿಲ್ಲ. ತಾರೀಕನ್ನು ಕೈಯಲ್ಲಿ ಸರಿಪಡಿಸಿ, ಬಳಿಕ 'ಸಿಂಕ್ ನೌ' ಒತ್ತಿ, ಅದೇ ದಿನ ಸೆಲ್ ಬದಲಿಸುವುದು. ಪ್ರತಿ ಶಾಖೆಯ ಮೇಜಿನಲ್ಲಿ ಎರಡು ಸೆಲ್ ಇಟ್ಟಿದ್ದೇನೆ.

ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ 2025ರ ಜೂನ್‌ನಲ್ಲಿ ನಿಂತಿತು. ಹಣ ಕೊಟ್ಟು ಕೊಳ್ಳುವ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿಯೂ ಇಳಿಯುತ್ತದೆ: 398 ದಿನ ಇದ್ದದ್ದು 2026ರ ಮಾರ್ಚ್ 15ರಿಂದ 200, 2027ರ ಅದೇ ದಿನದಿಂದ 100, 2029ರಿಂದ 47. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನಡೆಸುವ ಕಾಲ ಮುಗಿಯಿತು. ನಮ್ಮಲ್ಲಿ ದಿನಾ ಬೆಳಿಗ್ಗೆ 7 ಗಂಟೆಗೆ ಬದಿಯಡ್ಕ ಶಾಖೆಯ ಯಂತ್ರ ಹೊರಗಿನಿಂದ ಸರ್ವರನ್ನು ಕರೆದು, ಬಂದ ಸರ್ಟಿಫಿಕೇಟನ್ನು ಓಪನ್‌ಎಸ್‌ಎಸ್‌ಎಲ್‌ನ ಚೆಕೆಂಡ್ ಆಯ್ಕೆಗೆ 12,09,600 ಸೆಕೆಂಡ್, ಅಂದರೆ 14 ದಿನ ಕೊಟ್ಟು ಪರೀಕ್ಷಿಸುತ್ತದೆ. ಡಿಸ್ಕ್‌ನ ಕಡತವನ್ನಲ್ಲ, ಜಾಲದ ಮೇಲೆ ಬಂದದ್ದನ್ನು. ಅಷ್ಟು ದಿನ ಉಳಿದಿಲ್ಲವಾದರೆ ನನ್ನ ಫೋನಿಗೆ ಎಸ್‌ಎಂಎಸ್ ಬರುತ್ತದೆ. ಚಾಟ್‌ಗೆ ಕಳಿಸುವುದಿಲ್ಲ, ಸರ್ಟಿಫಿಕೇಟ್ ಕೆಟ್ಟ ದಿನ ಆ ಸಂದೇಶವೂ ತಲುಪುವುದಿಲ್ಲ.