ಹೈಸ್ಕೂಲ್ ಲೈಬ್ರರಿ ಬೀರುನ ಗೂಗಲ್ ಶೀಟಿಗೆ ಹತ್ತಿಸಿದ್ದು: ನನ್ನ ಅನುಭವ

ಸರ್ಕಾರಿ ಹೈಸ್ಕೂಲಲ್ಲಿ ಲೈಬ್ರರಿ ಅಂದ್ರೆ ಏನು ಅಂತ ನಮ್ಮ ಇಲಾಖೆಯೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಸ್ಟಾಫ್ ರೂಮಲ್ಲೋ ಲ್ಯಾಬಲ್ಲೋ ಎರಡು ಮೂರು ಬೀರು, ಬೀಗದಕೈ ಒಬ್ರ ಹತ್ರ, ಲೈಬ್ರೇರಿಯನ್ ಅನ್ನೋ ಪೋಸ್ಟೇ ಇಲ್ಲ, ಕನ್ನಡ ಟೀಚರ್ ಅಂದ್ಮೇಲೆ ಇನ್‌ಚಾರ್ಜು ತಾನಾಗೇ ತಲೆಗೆ ಬರುತ್ತೆ. ನಾನು ಚಳ್ಳಕೆರೆ ಕಡೆ ಒಂದು ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೀನಿ. ಚಾರ್ಜ್ ತಗೊಂಡಾಗ ಸಿಕ್ಕಿದ್ದು ಸುಮಾರು 900 ಪುಸ್ತಕ, ಒಂದು ಸ್ಟಾಕ್ ರಿಜಿಸ್ಟರು, ಒಂದು ಇಶ್ಯೂ ಬುಕ್ಕು. ರಿಜಿಸ್ಟರಲ್ಲಿ ಪುಸ್ತಕ ಬಂದ ವರ್ಷದ ಪ್ರಕಾರ ಇರುತ್ತೆ, ಬೀರುಲಿ ಪುಸ್ತಕ ಸೈಜಿನ ಪ್ರಕಾರ ಇರುತ್ತೆ, ಹಂಗಾಗಿ ಒಂದು ಮಗು ಬಂದು "ಮಿಸ್, ಅಂಬೇಡ್ಕರ್ ಬಗ್ಗೆ ಪುಸ್ತಕ ಇದ್ಯಾ" ಅಂದ್ರೆ ಇದೆ ಅಂತ ಗೊತ್ತು, ಎಲ್ಲಿದೆ ಅಂತ ಗೊತ್ತಿಲ್ಲ. ಇದಕ್ಕೊಂದು ದಾರಿ ಹುಡುಕ್ತಾ ಫ್ರೀಯಾಗಿ ಸಿಗೋ ಆನ್‌ಲೈನ್ ಟೂಲ್‌ಗಳನ್ನೆಲ್ಲ ತಿರುವಿ ಹಾಕಿದ್ದೀನಿ. ಯಾವುದು ಉಳೀತು, ಯಾವುದು ನಮಗೆ ಬೇಡ ಅನ್ನಿಸ್ತು ಅಂತ ಬರೀತಿದ್ದೀನಿ, ಇದೇ ಪಾಡು ಪಡ್ತಿರೋರಿಗೆ ಉಪಯೋಗ ಆಗ್ಲಿ ಅಂತ.

ಕಾಲೇಜ್ ಲೈಬ್ರರಿಯೋರನ್ನ ಕೇಳಿದ್ರೆ ಎಲ್ರೂ ಹೇಳೋದು ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್. 1999ರಲ್ಲಿ ನ್ಯೂಜಿಲೆಂಡಿನ ಒಂದು ಸಣ್ಣ ಲೈಬ್ರರಿ ಟ್ರಸ್ಟು ತಮ್ಮ ಹಳೇ ಸಿಸ್ಟಮ್ ವೈಟುಕೆಗೆ, ಅಂದ್ರೆ 2000ನೇ ಇಸವಿ ಬಂದಾಗ, ಕೈ ಕೊಡುತ್ತೆ ಅಂತ ಮಾಡಿಸ್ಕೊಂಡಿದ್ದು, 2000ದ ಜನವರಿಗೆ ಚಾಲೂ ಆಯ್ತು, ಅವತ್ತಿಂದ ಪೂರ್ತಿ ಫ್ರೀ, ಕನ್ನಡ ಯೂನಿಕೋಡು ಚೆನ್ನಾಗೇ ತಗೊಳ್ಳುತ್ತೆ. ಆದ್ರೆ ಅದನ್ನ ಕೂರಿಸೋಕೆ ಲಿನಕ್ಸ್ ಇರೋ ಒಂದು ಸರ್ವರ್ ಬೇಕು, ಬ್ಯಾಕಪ್ ನೋಡ್ಕೊಳ್ಳೋರು ಬೇಕು, ಪುಸ್ತಕ ಸೇರ್ಸೋಕೆ ಮಾರ್ಕ್ ಅನ್ನೋ ಪದ್ಧತಿ ಕಲೀಬೇಕು, ಅದ್ರಲ್ಲಿ ಶೀರ್ಷಿಕೆಗೆ 245, ಲೇಖಕರಿಗೆ 100 ಅಂತ ಪ್ರತಿಯೊಂದಕ್ಕೂ ಒಂದು ನಂಬರು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯೋರ ಇ-ಗ್ರಂಥಾಲಯನೂ ಇದೆ, ಅದೂ ಲೈಬ್ರರಿಯ ಪೂರ್ತಿ ಕೆಲಸಕ್ಕೆ ಅಂತ ಮಾಡಿದ್ದು. ನಮ್ಮ 900 ಪುಸ್ತಕಕ್ಕೆ ಇದು ಇಬ್ರ ಅಡುಗೆಗೆ ಮದುವೆ ಮನೆ ಹಂಡೆ ಒಲೆ ಮೇಲೆ ಇಟ್ಟಂಗೆ. ಸಾಫ್ಟ್‌ವೇರ್ ಕೆಟ್ಟದ್ದು ಅಂತಲ್ಲ, ನಾಳೆ ನನಗೆ ವರ್ಗಾವಣೆ ಆದ್ರೆ ಅದನ್ನ ಯಾರು ತೆಗೀತಾರೆ ಅನ್ನೋದೇ ಪ್ರಶ್ನೆ. ಆಮೇಲೆ ಯಾವ ಟೂಲ್ ನೋಡಿದ್ರೂ ಮೊದ್ಲು ಇದೊಂದೇ ಕೇಳ್ಕೊಂಡೆ, ನಾನಿಲ್ದೆ ಇದ್ರೆ ಇದು ನಡೆಯುತ್ತಾ ಅಂತ.

ಆಮೇಲೆ ಕೈ ಹಾಕಿದ್ದು ಲೈಬ್ರರಿಥಿಂಗ್ ಮತ್ತೆ ಓಪನ್ ಲೈಬ್ರರಿ ಅನ್ನೋ ಪುಸ್ತಕ ಪಟ್ಟಿಯ ವೆಬ್‌ಸೈಟುಗಳಿಗೆ. ಲೈಬ್ರರಿಥಿಂಗಲ್ಲಿ ಮೊದ್ಲು 200 ಪುಸ್ತಕದ ಮೇಲೆ ದುಡ್ಡು ಕೊಡ್ಬೇಕಿತ್ತು, 2020ರಿಂದ ಫ್ರೀ. ಪುಸ್ತಕದ ಹಿಂದೆ ಇರೋ ಐಎಸ್‌ಬಿಎನ್ ನಂಬರ್ ಹೊಡೆದ್ರೆ ಹೆಸರು, ಲೇಖಕರು, ಪ್ರಕಾಶಕರು ಎಲ್ಲ ತಾನಾಗೇ ಬಂದು ಕೂತ್ಕೊಳ್ಳುತ್ತೆ. ನಮ್ಮಲ್ಲಿರೋ ಇಂಗ್ಲಿಷ್ ಪುಸ್ತಕಗಳಿಗೆ ಇದು ಬಂಗಾರ. ಕನ್ನಡಕ್ಕೆ ಬಂದ್ರೆ ಕಥೆ ಬೇರೆ. ಹಳೇ ಪುಸ್ತಕಕ್ಕೆ ಐಎಸ್‌ಬಿಎನ್ಏ ಇಲ್ಲ, ಈಗಿನವಕ್ಕೆ ಇದ್ರೂ ಎಷ್ಟೋ ಸಲ ಏನೂ ಸಿಗಲ್ಲ. ತಮಾಷೆ ಅಂದ್ರೆ ಹೆಸರು ಹಾಕಿ ಹುಡುಕಿದ್ರೆ ಅರವತ್ತು ಎಪ್ಪತ್ತರ ದಶಕದ ಕನ್ನಡ ಪುಸ್ತಕಗಳು ಕೆಲವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದಾಖಲೆಯಿಂದ ಎದ್ದು ಬರ್ತವೆ. 1962ರಿಂದ ಪಿಎಲ್-480 ಅನ್ನೋ ಅಮೆರಿಕದ ಕಾಯ್ದೆ ಪ್ರಕಾರ ನಮಗೆ ಗೋಧಿ ಮಾರಿ ಬಂದ ರೂಪಾಯಿ ದುಡ್ಡಲ್ಲಿ ಅವ್ರು ಭಾರತದ ಭಾಷೆಗಳ ಪುಸ್ತಕ ಕೊಂಡ್ಕೊಂಡು ಹೋಗಿದ್ರಲ್ಲ, ಅದ್ರ ಫಲ. ಆದ್ರೆ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಮೇಲೊಂದು ಗೆರೆ ಕೆಳಗೊಂದು ಚುಕ್ಕೆ ಇಟ್ಟು ಬರೆದಿರ್ತವೆ. ಒಂಬತ್ತನೇ ಕ್ಲಾಸಿನ ಹುಡುಗ ಅದನ್ನ ಹೆಂಗೆ ಹುಡುಕ್ತಾನೆ ಹೇಳಿ. ಅಲ್ಲಿಗೆ ಕನ್ನಡದ ಪುಸ್ತಕಗಳನ್ನ ನಾವೇ ಒಂದೊಂದಾಗಿ ಹೊಡೀಬೇಕು, ಬೇರೆ ದಾರಿ ಇಲ್ಲ ಅಂತ ಗಟ್ಟಿಯಾಯ್ತು.

ಹಂಗೆ ಬಂದು ನಿಂತಿದ್ದು ಗೂಗಲ್ ಶೀಟಿಗೆ, ಎಕ್ಸೆಲ್ ಥರಾನೇ ಆನ್‌ಲೈನಲ್ಲಿ ಇರೋ ಕೋಷ್ಟಕ. ಎಲ್ಲ ಟೀಚರ್‌ಗೂ ಗೊತ್ತು, ಮಾರ್ಕ್ಸ್ ಕಾರ್ಡಿಗೆ ಎಕ್ಸೆಲ್ ಬಳಸಿರೋರೇ ಎಲ್ಲ. ಕಾಲಂಗಳು ಇಷ್ಟೇ: ರಿಜಿಸ್ಟರ್ ಕ್ರಮಸಂಖ್ಯೆ, ಶೀರ್ಷಿಕೆ, ಲೇಖಕರು, ಕಾವ್ಯನಾಮ, ಪ್ರಕಾರ, ಪ್ರಕಾಶಕರು, ವರ್ಷ, ಬೀರು, ಶೆಲ್ಫು, ಸ್ಥಿತಿ. ಕ್ರಮಸಂಖ್ಯೆ ಮಾತ್ರ ಸ್ಟಾಕ್ ರಿಜಿಸ್ಟರಲ್ಲಿ ಏನಿದ್ಯೋ ಅದೇ ಇರ್ಲಿ, ಹೊಸ ನಂಬರ್ ಕೊಡೋ ಉತ್ಸಾಹ ಬೇಡ. ಆಡಿಟ್‌ಗೆ ಬರೋರು ನೋಡೋದು ರಿಜಿಸ್ಟರ್ ಪುಸ್ತಕನೇ ಹೊರತು ನಿಮ್ಮ ಶೀಟಲ್ಲ.

ಟೈಪಿಂಗ್ ವಿಷಯಕ್ಕೆ ಬರ್ತೀನಿ, ಅಸಲಿ ಕೆಲಸ ಇರೋದೇ ಇಲ್ಲಿ. ನನಗಿಂತ ಮುಂಚೆ ಇದ್ದ ಒಬ್ರು ಸರ್ ಮುನ್ನೂರು ಚಿಲ್ಲರೆ ಪುಸ್ತಕದ ಪಟ್ಟಿ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಇಟ್ಟಿದ್ರು, ಹಳೇ ಫಾಂಟಿನ ನುಡಿ. ಅದನ್ನ ಹಂಗೇ ತಂದು ಶೀಟಿಗೆ ಅಂಟಿಸಿದ್ರೆ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ, ಕೊಂಬು ಕೋಡು ಎಲ್ಲ ಬರುತ್ತೆ, ಕನ್ನಡ ಬಿಟ್ಟು. ಆ ಫೈಲೊಳಗೆ ಇರೋದು ನಿಜವಾಗ್ಲೂ ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತೆ ಅಷ್ಟೆ, ಅದಕ್ಕೇ ಅದು ಅಕಾರಾದಿಯಾಗೂ ಸಾರ್ಟ್ ಆಗಲ್ಲ, ಹುಡುಕಿದ್ರೆ ಸಿಗೋದೂ ಇಲ್ಲ. ಇಂಥ ಹಳೇ ಫಾಂಟಿನ ಬರಹನ (ಆಸ್ಕಿ ಅಂತಾರೆ) ಯೂನಿಕೋಡಿಗೆ, ಅಂದ್ರೆ ನಿಜವಾದ ಕನ್ನಡ ಅಕ್ಷರದ ಸಂಕೇತಕ್ಕೆ, ಬದಲಾಯಿಸೋ ಕನ್ವರ್ಟರ್‌ಗಳು ಆನ್‌ಲೈನಲ್ಲಿ ಫ್ರೀಯಾಗಿ ಇವೆ, ಒಂದು ಕಡೆ ಅಂಟಿಸಿ ಇನ್ನೊಂದು ಕಡೆಯಿಂದ ತಗೊಳ್ಳೋದು. ಅಂಕಿ ಮತ್ತೆ ಇಂಗ್ಲಿಷ್ ಪದ ಮಧ್ಯದಲ್ಲಿ ಸೇರಿರೋ ಸಾಲುಗಳನ್ನ ಮಾತ್ರ ಕಣ್ಣಲ್ಲಿ ನೋಡಿ ತಿದ್ದಬೇಕು.

ಉಳಿದ ಪುಸ್ತಕಕ್ಕೆ ಮಕ್ಕಳೇ ಸೈನ್ಯ. ಫೋನಿನ ಜಿಬೋರ್ಡಲ್ಲಿ ಕನ್ನಡ ಆಯ್ಕೆ ಮಾಡ್ಕೊಂಡು ಮೈಕ್ ಒತ್ತಿದ್ರೆ ಹೇಳಿದ್ದನ್ನ ಟೈಪ್ ಮಾಡುತ್ತೆ, ಇದು ಎಷ್ಟು ಚೆನ್ನಾಗಿದೆ ಅಂದ್ರೆ ನಾನು ಕೀಬೋರ್ಡ್ ಮುಟ್ಟೋದೇ ಕಮ್ಮಿ ಮಾಡಿದೀನಿ. ಒಬ್ಳು ಬೀರುಯಿಂದ ಪುಸ್ತಕ ತೆಗೆದು ಕೊಡ್ತಾಳೆ, ಒಬ್ಳು ಸ್ಪಷ್ಟವಾಗಿ ಓದ್ತಾಳೆ, ಒಬ್ಳು ಸ್ಕ್ರೀನ್ ನೋಡಿ ತಿದ್ದುತಾಳೆ, ಒಬ್ಳು ಪುಸ್ತಕದ ಬೆನ್ನಿಗೆ ನಂಬರ್ ಚೀಟಿ ಅಂಟಿಸ್ತಾಳೆ. ಶೀರ್ಷಿಕೆಗಳು ಸಲೀಸಾಗಿ ಬರ್ತವೆ, ಇನಿಷಿಯಲ್ ಬಂದ ಕಡೆ ಎಡವುತ್ತೆ, ಹಳಗನ್ನಡದ ಹೆಸರು ಬಂದ್ರಂತೂ ಏನೇನೋ ಕೇಳಿಸ್ಕೊಂಡು ಮಕ್ಕಳಿಗೆ ನಗು ತಡೆಯೋಕಾಗಲ್ಲ. ಸ್ಟಾಫ್ ರೂಮಲ್ಲಿ ಮಾಡೋಕೆ ಹೋಗ್ಬೇಡಿ, ಸುತ್ತ ಇರೋರ ಮಾತೆಲ್ಲ ಶೀರ್ಷಿಕೆ ಕಾಲಂಗೆ ಬರುತ್ತೆ.

ಲೇಖಕರ ಹೆಸರಿಗೆ ಒಂದು ಶಿಸ್ತು ಮೊದ್ಲೇ ಮಾಡ್ಕೊಳ್ಳಿ. ನಮ್ಮ ಕಡೆ ತ.ರಾ.ಸು. ಅಂದ್ರೆ ಮನೆಯೋರಿದ್ದಂಗೆ, ಹೆಸರಲ್ಲಿರೋ ತ ಅಕ್ಷರನೇ ನಮ್ಮ ತಳುಕು ಊರಿಂದು. ಅವರ ಹೆಸರು ಪುಸ್ತಕಗಳ ಮೇಲೆ, ರಿಜಿಸ್ಟರಲ್ಲಿ ಸೇರಿ ತ.ರಾ.ಸು., ತರಾಸು, ತ.ರಾ. ಸುಬ್ಬರಾಯ, ಟಿ.ಆರ್. ಸುಬ್ಬರಾವ್ ಅಂತ ನಾಲ್ಕು ಥರ ಇತ್ತು. ಶೀಟಿಗೆ ಇವ್ರು ನಾಲ್ಕು ಜನ. ಅದಕ್ಕೇ ಲೇಖಕರ ಹೆಸರುಗಳನ್ನ ಬೇರೆ ಒಂದು ಟ್ಯಾಬಲ್ಲಿ ಪಟ್ಟಿ ಮಾಡಿ, ಡೇಟಾ ವ್ಯಾಲಿಡೇಷನ್ ಅಂತ ಇದ್ಯಲ್ಲ, ಅದ್ರಲ್ಲಿ ಡ್ರಾಪ್‌ಡೌನ್ ಕೊಟ್ಟೆ, ಪಟ್ಟಿಯಲ್ಲಿ ಇಲ್ದೇ ಇರೋ ಹೆಸರು ಹೊಡೆದ್ರೆ ಶೀಟೇ ಬೇಡ ಅನ್ನುತ್ತೆ. ಪ್ರಕಾರಕ್ಕೂ ಇದೇ. ಇನಿಷಿಯಲ್ ಮುಂದೋ ಹಿಂದೋ ಅಂತ ಚರ್ಚೆ ಮಾಡ್ಬಹುದು, ನಾವು ಮುಂದೆ ಅಂತ ಇಟ್ಕೊಂಡ್ವಿ, ಮಕ್ಕಳು ಹೇಳೋದು ಹಂಗೆ ತಾನೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಪರಿವಿಡಿ. ನಮ್ಮಲ್ಲಿ ಕಥಾಸಂಕಲನ, ಕವನಸಂಕಲನ, ಮಹಾತ್ಮರ ಚರಿತ್ರೆಗಳ ಸಂಗ್ರಹ ಜಾಸ್ತಿ. ಹೊರಗಿನ ಹೆಸರು ನೋಡಿದ್ರೆ ಒಳಗೆ ಏನಿದೆ ಅಂತ ಗೊತ್ತಾಗಲ್ಲ, ಮಕ್ಕಳಿಗೆ ಬೇಕಾಗಿರೋದು ಒಳಗಿರೋ ಒಂದು ಕಥೆ ಅಥವಾ ಒಬ್ಬ ಕವಿ. ಪರಿವಿಡಿ ಪುಟದ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಕಂಪ್ಯೂಟರಲ್ಲಿ ಅದ್ರ ಮೇಲೆ ರೈಟ್ ಕ್ಲಿಕ್ ಮಾಡಿ ಗೂಗಲ್ ಡಾಕ್ಸಲ್ಲಿ ತೆರೀರಿ, ಚಿತ್ರದ ಕೆಳಗೆ ಅಕ್ಷರಗಳು ಟೈಪ್ ಆಗಿ ಬಂದಿರ್ತವೆ. ಕನ್ನಡನೂ ಓದುತ್ತೆ. ಆಫ್‌ಸೆಟ್ ಪ್ರಿಂಟಿನ ಪುಸ್ತಕ ಆದ್ರೆ ಹತ್ತು ಸಾಲಿಗೆ ಒಂದೆರಡು ತಪ್ಪು, ಮೊಳೆ ಅಚ್ಚಿನ ಹಳೇ ಪುಸ್ತಕದಲ್ಲಿ ಮಸಿ ಹರಡಿದ್ರೆ ಒತ್ತಕ್ಷರಗಳು ಅಡ್ಡಾದಿಡ್ಡಿ. ಫೋಟೋ ಬಿಸಿಲಿನ ಬೆಳಕಲ್ಲಿ, ನೆರಳು ಬೀಳ್ದಂಗೆ, ನೇರವಾಗಿ ಮೇಲಿಂದ ತೆಗೀಬೇಕು. ತಿದ್ದಿ ಶೀಟಲ್ಲಿ "ಒಳಗೆ ಏನಿದೆ" ಅಂತ ಒಂದು ಕಾಲಂ ಮಾಡಿ ಹಾಕ್ತಾ ಹೋದ್ವಿ. ಪಠ್ಯದಲ್ಲಿ ಒಬ್ಬ ಕವಿ ಪದ್ಯ ಬಂದ್ರೆ ಅವರದ್ದೇ ಇನ್ನೊಂದು ಪದ್ಯ ನಮ್ಮ ಬೀರುಲಿ ಯಾವ ಸಂಕಲನದಲ್ಲಿದೆ ಅಂತ ಮಕ್ಕಳೇ ಹುಡುಕ್ತಾರೆ. ಯಾವ ದೊಡ್ಡ ಸಾಫ್ಟ್‌ವೇರೂ ಇದನ್ನ ತಾನಾಗಿ ಮಾಡಿ ಕೊಡ್ತಿರ್ಲಿಲ್ಲ.

ವರ್ಗೀಕರಣ ಅಂತ ತಲೆ ಕೆಡಿಸ್ಕೋಬೇಡಿ. ಲೈಬ್ರರಿಗಳಲ್ಲಿ ವಿಷಯಕ್ಕೊಂದು ನಂಬರ್ ಕೊಡೋ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರ್ 894.814, ನಮ್ಮ ಬೀರುನ ಮುಕ್ಕಾಲು ಪಾಲು ಅದೊಂದೇ ನಂಬರ್ ಕೆಳಗೆ ಹೋಗಿ ಕೂರುತ್ತೆ. ಬಣ್ಣದ ಸ್ಟಿಕ್ಕರ್ ಹಚ್ಚಿದ್ವಿ: ಕಥೆಗೆ ಹಸಿರು, ಪದ್ಯಕ್ಕೆ ಹಳದಿ, ಜೀವನಚರಿತ್ರೆಗೆ ಕೆಂಪು, ವಿಜ್ಞಾನಕ್ಕೆ ನೀಲಿ. ವಾಪಸ್ ಇಡುವಾಗ ಎಂಟನೇ ಕ್ಲಾಸಿನ ಮಗುನೂ ಸರಿಯಾದ ಜಾಗಕ್ಕೆ ಇಡುತ್ತೆ.

ಇಶ್ಯೂ ಮಾಡೋಕೆ ಇನ್ನೊಂದು ಟ್ಯಾಬು. ಪುಸ್ತಕದ ನಂಬರ್, ಕ್ಲಾಸು, ರೋಲ್ ನಂಬರ್, ಕೊಟ್ಟ ದಿನ, ಬಂದ ದಿನ. ನಂಬರ್ ಹೊಡೆದ್ರೆ ವಿಲುಕಪ್ ಫಾರ್ಮುಲಾ ಶೀರ್ಷಿಕೆ ತಂದು ತೋರಿಸುತ್ತೆ, 14 ದಿನ ದಾಟಿ ಬಂದ ದಿನ ಖಾಲಿ ಇದ್ರೆ ಕಂಡೀಷನಲ್ ಫಾರ್ಮ್ಯಾಟಿಂಗಿಂದ ಆ ಸಾಲು ಕೆಂಪಾಗುತ್ತೆ. ಬಾರ್‌ಕೋಡ್ ಬೇಕು ಅನ್ನೋರಿಗೆ ಒಂದು ಫ್ರೀ ಉಪಾಯ ಹೇಳ್ತೀನಿ, ಗೂಗಲ್ ಫಾಂಟ್‌ಗಳಲ್ಲಿ ಲಿಬ್ರೆ ಬಾರ್‌ಕೋಡ್ 39 ಅಂತ ಇದೆ, ನಂಬರಿನ ಹಿಂದೆ ಮುಂದೆ ಒಂದೊಂದು ನಕ್ಷತ್ರದ ಗುರುತು ಹಾಕಿ ಆ ಫಾಂಟ್ ಕೊಟ್ರೆ ಅದೇ ಬಾರ್‌ಕೋಡು, ಪ್ರಿಂಟ್ ತೆಗೆದು ಅಂಟಿಸಿದ್ರೆ ಫೋನಿನ ಸ್ಕ್ಯಾನರ್ ಆ್ಯಪ್ ಓದುತ್ತೆ. ಒಂದು ಶೆಲ್ಫಿಗೆ ಮಾಡಿ ನೋಡಿದ್ವಿ, ಮಕ್ಕಳಿಗೆ ಮಾಲ್‌ಗೆ ಹೋದಷ್ಟು ಸಂಭ್ರಮ. ಆದ್ರೆ ಮೂರಂಕಿ ನಂಬರ್ ಕೈಯಲ್ಲಿ ಹೊಡೆಯೋದು ಅದಕ್ಕಿಂತ ಬೇಗ ಆಗುತ್ತೆ, ಹಂಗಾಗಿ ಅಲ್ಲಿಗೇ ನಿಲ್ಲಿಸಿದ್ವಿ. ಐದಾರು ಸಾವಿರ ಪುಸ್ತಕ ಇರೋ ಕಡೆ ಮಾಡ್ಲಿ. ನೆಟ್ ಇಲ್ಲದ ದಿನಕ್ಕೆ ಶೀಟನ್ನ ಫೋನಿನ ಆ್ಯಪಲ್ಲಿ ಆಫ್‌ಲೈನ್ ಅಂತ ಗುರುತು ಮಾಡಿಟ್ರೆ ಬರೀಬಹುದು, ನೆಟ್ ಬಂದಾಗ ತಾನೇ ಸೇರ್ಕೊಳ್ಳುತ್ತೆ. ಗೂಗಲ್ ಫಾರ್ಮಲ್ಲಿ ಈ ಸೌಕರ್ಯ ಇಲ್ಲ, ಅದಕ್ಕೇ ಫಾರ್ಮ್ ಬೇಡ ಅಂದೆ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಇಶ್ಯೂ ಟ್ಯಾಬಲ್ಲಿ ಮಕ್ಕಳ ಹೆಸರು, ಅಪ್ಪಅಮ್ಮನ ಫೋನ್ ನಂಬರ್, ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡೋ ಸ್ಯಾಟ್ಸ್ ನಂಬರ್ ಏನೂ ಇರಲ್ಲ, ಕ್ಲಾಸು ರೋಲ್ ನಂಬರ್ ಅಷ್ಟೆ. ಮಕ್ಕಳು ನೋಡೋ ಶೀಟೇ ಬೇರೆ ಫೈಲು, ಇಂಪೋರ್ಟ್‌ರೇಂಜ್ ಫಾರ್ಮುಲಾದಿಂದ ಪುಸ್ತಕದ ವಿವರ ಮಾತ್ರ ಅಲ್ಲಿಗೆ ಬರುತ್ತೆ, ಒಳಗಿದ್ಯೋ ಹೊರಗಿದ್ಯೋ ಅಂತ ಗೊತ್ತಾಗುತ್ತೆ, ಯಾರ ಹತ್ರ ಇದೆ ಅಂತ ಗೊತ್ತಾಗಲ್ಲ. ಯಾವ ಮಗು ಏನು ಓದ್ತಿದೆ ಅನ್ನೋದು ಊರಿಗೆಲ್ಲ ಯಾಕೆ ಬೇಕು.

ಓದೋಕೆ ಅಂತ ಆನ್‌ಲೈನಿಂದ ತಂದಿದ್ರಲ್ಲಿ ಮೊದಲನೇದು ಸ್ಟೋರಿವೀವರ್, ಬೆಂಗಳೂರಿನ ಪ್ರಥಮ್ ಬುಕ್ಸ್‌ನೋರು 2015ರಲ್ಲಿ ಶುರು ಮಾಡಿದ್ದು. ಕನ್ನಡದ ಚಿತ್ರಕಥೆಗಳು ಹಂತ ಒಂದರಿಂದ ನಾಲ್ಕರವರೆಗೆ ವಿಂಗಡಿಸಿ ಇಟ್ಟಿದಾರೆ, ಪಿಡಿಎಫ್ ಇಳಿಸ್ಕೊಂಡು ಪ್ರಿಂಟೂ ಹಾಕ್ಬಹುದು, ಬರೆದೋರ, ಚಿತ್ರ ಬಿಡಿಸಿದೋರ ಹೆಸರು ತೆಗೀಬಾರ್ದು ಅಷ್ಟೆ. ಹೈಸ್ಕೂಲಿಗೆ ಚಿತ್ರಕಥೆ ಯಾಕೆ ಅಂತ ಒಬ್ಬ ಸಹೋದ್ಯೋಗಿ ಕೇಳಿದ್ರು. ಎಂಟನೇ ಕ್ಲಾಸಿಗೆ ಬಂದು ಕೂಡಿಸಿ ಕೂಡಿಸಿ ಓದೋ ಮಕ್ಕಳು ಎಲ್ಲ ಸ್ಕೂಲಲ್ಲೂ ಇದಾರೆ, ಒಂದನೇ ಕ್ಲಾಸಿನ ಪುಸ್ತಕ ಕೈಗೆ ಕೊಟ್ರೆ ಅವಮಾನ ಆಗುತ್ತೆ. ಟ್ಯಾಬ್ಲೆಟಲ್ಲಿ ಹಂತ ಎರಡರ ಕಥೆ ಕೊಟ್ರೆ ಪಕ್ಕದೋನಿಗೆ ಅವನು ಏನು ಓದ್ತಿದಾನೆ ಅಂತನೂ ಗೊತ್ತಾಗಲ್ಲ. ಒಬ್ಬ ಹುಡುಗ ಹಂಗೇ ಓದ್ತಾ ಓದ್ತಾ ಈಗ ಹಂತ ನಾಲ್ಕಕ್ಕೆ ಬಂದಿದಾನೆ, ನನ್ನ ಕೇಳ್ದೆ ತಾನೇ ಆರಿಸ್ಕೊಳ್ತಾನೆ.

ಹಳೇ ಪುಸ್ತಕಕ್ಕೆ ಕನ್ನಡ ವಿಕಿಸೋರ್ಸ್, ಇಂಟರ್ನೆಟ್ ಆರ್ಕೈವ್. ಇಲ್ಲಿ ಕಾಪಿರೈಟ್ ನೋಡ್ಕೊಳ್ಳಿ. ನಮ್ಮ ದೇಶದಲ್ಲಿ ಲೇಖಕರು ತೀರ್ಕೊಂಡ್ಮೇಲೆ 60 ವರ್ಷ ಹಕ್ಕು ಇರುತ್ತೆ, ಪಂಜೆ ಮಂಗೇಶರಾಯರು ಹೋಗಿದ್ದು 1937ರಲ್ಲಿ, ಹಂಗಾಗಿ ಅವರ ಶಿಶುಗೀತೆಗಳನ್ನ ನಿಶ್ಚಿಂತೆಯಾಗಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸ್ಬಹುದು. ವಾಟ್ಸಾಪಲ್ಲಿ ಓಡಾಡೋ ಈಗಿನ ಲೇಖಕರ ಪಿಡಿಎಫ್‌ಗಳು ಬೇರೆ ವಿಷಯ, ಅವನ್ನ ಲೈಬ್ರರಿ ಹೆಸರಲ್ಲಿ ಹಂಚಬೇಡಿ.

ಕೊನೇದಾಗಿ ಅಕೌಂಟ್ ವಿಷಯ. ಇದೆಲ್ಲ ನನ್ನ ಸ್ವಂತ ಜಿಮೇಲಲ್ಲಿಲ್ಲ, ಶಾಲೆ ಹೆಸರಲ್ಲಿ ಒಂದು ಅಕೌಂಟ್ ಮಾಡಿದ್ವಿ, ಫ್ರೀ 15 ಜಿಬಿ ಜಾಗ ನಮಗೆ ತುಂಬೋದೇ ಇಲ್ಲ. ಒಟಿಪಿ ಹೋಗೋ ನಂಬರ್ ಹೆಡ್‌ಮಾಸ್ಟರ್ (ಎಚ್.ಎಂ.) ಸರ್‌ದು, ಅವರಿಗೂ ವರ್ಗಾವಣೆ ಆಗುತ್ತಲ್ಲ, ಅದಕ್ಕೇ ಬ್ಯಾಕಪ್ ಕೋಡ್‌ಗಳನ್ನ ಪ್ರಿಂಟ್ ತೆಗೆದು ಪಾಸ್‌ವರ್ಡ್ ಜೊತೆ ಲಕೋಟೆಯಲ್ಲಿ ಹಾಕಿ ಚಾರ್ಜ್ ಪಟ್ಟಿಗೆ ಸೇರ್ಸಿದೀವಿ, ಚಾರ್ಜ್ ಕೊಡುವಾಗ ಬೀಗದಕೈ ಜೊತೆ ಲಕೋಟೆನೂ ಕೊಡ್ಬೇಕು ಅಂತ. ವರ್ಷಕ್ಕೊಂದ್ಸಲ ಇಡೀ ಶೀಟ್ ಪ್ರಿಂಟ್ ತೆಗೆದು ಫೈಲ್ ಮಾಡ್ತೀವಿ. ಇಶ್ಯೂ ಟ್ಯಾಬ್ ಪ್ರಕಾರ ಒಗಟಿನ ಪುಸ್ತಕ, ದೆವ್ವದ ಕಥೆ, ಕ್ವಿಜ್ ಪುಸ್ತಕ ಬೀರುಲಿ ನಿಲ್ಲೋದೇ ಇಲ್ಲ, ಉಪದೇಶದ ಪುಸ್ತಕ ಅಲ್ಲಾಡೋದೇ ಇಲ್ಲ. ಮುಂದಿನ ಸಲ ಗ್ರ್ಯಾಂಟ್ ಬಂದಾಗ ಅಂಗಡಿಯೋರು ಕಟ್ಟಿ ಕೊಡೋ ಸೆಟ್ ತಗೊಳ್ಳಲ್ಲ, ಈ ಪಟ್ಟಿ ಹಿಡ್ಕೊಂಡೇ ಹೋಗ್ತೀನಿ ಅಂತ ಎಚ್.ಎಂ. ಸರ್‌ಗೆ ಈಗ್ಲೇ ಹೇಳಿಟ್ಟಿದೀನಿ.