ಧರ್ಮಕೇಂದ್ರದ ಹುಟ್ಟನ್ನು ಜ್ಞಾನಸ್ನಾನದ ದಫ್ತರದಲ್ಲಿ ಹುಡುಕಿದೆ

ಬೆಂಗಳೂರಿನ ಉತ್ತರದ ಅಂಚಿನಲ್ಲಿ, ಜಾಲಹಳ್ಳಿಯ ಆಸುಪಾಸಿನಲ್ಲಿದೆ ನಮ್ಮ ಬಡಾವಣೆ. ಇಲ್ಲಿನ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಆರಂಭದ ವರ್ಷಗಳನ್ನು ಬರೆದುಕೊಡಿ ಎಂದು ಅದರ ಗುರುಗಳು (ಪಾದ್ರಿ) ಕೇಳಿದಾಗ ಮೊದಲು ಬಗೆಹರಿಯಬೇಕಾಗಿದ್ದದ್ದು ಆರಂಭ ಎಂದರೆ ಯಾವುದು ಎಂಬ ಪ್ರಶ್ನೆ. ಹಿರಿಯರು ಒಂದು ಮನೆಯ ಹಜಾರದಲ್ಲಿ ನಡೆದ ಮೊದಲ ಬಲಿಪೂಜೆಯ (ಮಾಸ್) ಮಾತೆತ್ತುತ್ತಾರೆ. ಬಾಗಿಲ ಬಳಿಯ ಕಲ್ಲಿನಲ್ಲಿ ದೇವಾಲಯ ಆಶೀರ್ವಾದಗೊಂಡ ದಿನವಿದೆ. ಧರ್ಮಸಭೆಯ ಕಾನೂನಿಗೆ ಇವೆರಡೂ ಸಾಲದು. 1983ರ ಸಂಹಿತೆಯ 515ನೆಯ ವಿಧಿಯಂತೆ ಧರ್ಮಕೇಂದ್ರವನ್ನು ಸ್ಥಾಪಿಸುವ ಅಧಿಕಾರ ಧರ್ಮಾಧ್ಯಕ್ಷರಿಗೆ (ಬಿಷಪ್) ಮಾತ್ರ ಉಂಟು, ಅದೂ ಗುರುಗಳ ಮಂಡಳಿಯ ಅಭಿಪ್ರಾಯ ಕೇಳಿದ ಮೇಲೆ. ಹಾಗಾಗಿ ಆದೇಶಪತ್ರದ ದಿನಾಂಕವನ್ನೇ ಜನ್ಮದಿನವೆಂದು ಬರೆದೆ. ಆದರೆ ಆ ಪತ್ರ ಹೊರಡುವ ಹೊತ್ತಿಗೆ ಇಲ್ಲೊಂದು ಸಮುದಾಯ ಆಗಲೇ ಕೂಡಿಕೊಂಡಿತ್ತು. ನನಗೆ ಬೇಕಾಗಿದ್ದದ್ದು ಅದರ ಚರಿತ್ರೆ.

ಅದು ಸಿಕ್ಕಿದ್ದು ನಾವು ಮೊದಲು ಸೇರಿದ್ದ ಮಾತೃ ಧರ್ಮಕೇಂದ್ರದ ಜ್ಞಾನಸ್ನಾನದ (ಬ್ಯಾಪ್ಟಿಸಂ) ದಫ್ತರಗಳಲ್ಲಿ. ಅಲ್ಲಿನ ಗುರುಗಳ ಅನುಮತಿ ಪಡೆದು, ಕಚೇರಿಯಲ್ಲೇ ಕುಳಿತು, ಪೆನ್ಸಿಲಿನಲ್ಲಿ ಟಿಪ್ಪಣಿ ಮಾಡಿಕೊಂಡೆ. ಮಗುವಿನ ಹೆಸರು, ತಂದೆತಾಯಿ, ಜ್ಞಾನ ತಂದೆತಾಯಿ (ಮಗುವನ್ನು ಜ್ಞಾನಸ್ನಾನಕ್ಕೆ ಎತ್ತಿಕೊಳ್ಳುವವರು), ಹುಟ್ಟಿದ ಸ್ಥಳ, ದಿನಾಂಕ ಎಲ್ಲವೂ ಅದರಲ್ಲಿರುತ್ತವೆ. ಮುಂದೆ ದೃಢೀಕರಣವೆಂಬ ಸಂಸ್ಕಾರವೋ ಮದುವೆಯೋ ಆದಾಗ ಅದೇ ನಮೂದಿನ ಅಂಚಿನಲ್ಲಿ ಅದನ್ನೂ ಬರೆಯುತ್ತಾರೆ. ಹೀಗಾಗಿ ಒಂದೇ ಸಾಲಿನಲ್ಲಿ ಒಬ್ಬರ ಅರ್ಧ ಬದುಕು ಓದಲು ಸಿಗುತ್ತದೆ. ನಾನು ನೋಡಿದ ದಫ್ತರದಲ್ಲಿ ತಂದೆಯ ಉದ್ಯೋಗಕ್ಕೂ ಒಂದು ಅಂಕಣವಿತ್ತು, ಅದರಲ್ಲಿ ಎಚ್‌ಎಂಟಿ, ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳ ಹೆಸರುಗಳು ಪುಟಪುಟಕ್ಕೂ ಬರುತ್ತಿದ್ದವು. 1953ರಲ್ಲಿ ಎಚ್‌ಎಂಟಿ, ಮರುವರ್ಷವೇ ಬಿಇಎಲ್ ಈ ಭಾಗಕ್ಕೆ ಬಂದವು. ಕೆಲಸ ಹುಡುಕಿ ಮಂಗಳೂರು, ಕೇರಳ, ತಮಿಳುನಾಡುಗಳಿಂದ ಬಂದವರು ಮೊದಲು ಕಾರ್ಖಾನೆಯ ವಸತಿಗೃಹಗಳಲ್ಲಿದ್ದು, ನಿವೃತ್ತಿಯ ಹೊತ್ತಿಗೆ ನೌಕರರ ಗೃಹನಿರ್ಮಾಣ ಸಹಕಾರ ಸಂಘಗಳ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡರು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಜ್ಞಾನ ತಂದೆತಾಯಿಯರ ಅಂಕಣ. ಊರಲ್ಲಾದರೆ ಆ ಸ್ಥಾನ ಸಾಮಾನ್ಯವಾಗಿ ಸೋದರಮಾವನಿಗೋ ಅಜ್ಜಿಗೋ ಸಲ್ಲುತ್ತದೆ. ಇಲ್ಲಿ ಬಂಧುಗಳು ದೂರ. ಆದ್ದರಿಂದ ಕೊಂಕಣಿ ಮಾತಾಡುವ ಮನೆಯ ಮಗುವನ್ನು ತಮಿಳು ಮನೆಯ ನೆರೆಯವರು ಎತ್ತಿಕೊಂಡರು. ಮಲಯಾಳಿ ಮನೆಯ ಮಗುವಿಗೆ ಆನೇಕಲ್ ಕಡೆಯ ಕನ್ನಡಿಗ ದಂಪತಿ ಜ್ಞಾನ ತಂದೆತಾಯಿಯಾದರು. ಮನೆಗೂ ಮನೆಗೂ ಗೆರೆ ಎಳೆಯುತ್ತಾ ಹೋದಂತೆ, ಮುಂದೆ ದೇವಾಲಯದ ಜಾಗಕ್ಕಾಗಿ ಓಡಾಡಿದವರೆಲ್ಲ ಈ ಗೆರೆಗಳ ಮೇಲೆಯೇ ಕಾಣಿಸಿಕೊಂಡರು. ಯಾವ ಭಾಷೆಯಲ್ಲಿ ಯಾವ ಹೊತ್ತಿಗೆ ಪೂಜೆ ಎಂಬ ಜಗ್ಗಾಟ ನಮ್ಮಲ್ಲೂ ನಡೆದಿದೆ. ಅದನ್ನು ಮುಚ್ಚಿಡದೆ ಬರೆದಿದ್ದೇನೆ. ಆದರೆ ಅದಕ್ಕೂ ಮೊದಲೇ ಭಾಷೆಗಳನ್ನು ದಾಟಿ ನೆಂಟಸ್ತನ ಬೆಳೆದಿತ್ತು ಎನ್ನುವುದಕ್ಕೆ ದಫ್ತರವೇ ಸಾಕ್ಷಿ. ಇದನ್ನು ಹೇಳದ ಧರ್ಮಕೇಂದ್ರದ ಚರಿತ್ರೆ ನನ್ನ ದೃಷ್ಟಿಯಲ್ಲಿ ಕಟ್ಟಡದ ಲೆಕ್ಕಪತ್ರ ಮಾತ್ರ.

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಅದನ್ನು ಕೇಳುವುದನ್ನೇ ಬಿಟ್ಟೆ. 'ಆಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರು (ಆರ್ಚ್‌ಬಿಷಪ್) ಯಾರಾಗಿದ್ದರಮ್ಮ?' ಎಂದರೆ ತಕ್ಷಣ ಉತ್ತರ ಬರುತ್ತಿತ್ತು. ಲೂರ್ದುಸ್ವಾಮಿ ಎಂದರೆ 1968ರಿಂದ 71ರ ನಡುವೆ, ಆರೋಗ್ಯಸ್ವಾಮಿ ಎಂದರೆ 1986ಕ್ಕೆ ಮುಂಚೆ, ಅಲ್ಫೋನ್ಸ್ ಮಥಾಯಸ್ ಎಂದರೆ 1998ರ ಒಳಗೆ. ಸೆಪ್ಟೆಂಬರ್ 8ರ ಮಾತೆ ಮರಿಯಳ ಜನ್ಮೋತ್ಸವವೂ ನೆನಪು ಕೆದಕಲು ನೆರವಾಯಿತು. ಕೆಲವರು ಅಂದು ಶಿವಾಜಿನಗರದ ಸಂತ ಮರಿಯಮ್ಮನವರ ತೇರಿಗೆ ಹೋಗುತ್ತಿದ್ದರು. ಮಂಗಳೂರಿನವರಿಗೆ ಹೊಸ ತೆನೆ ಆಶೀರ್ವದಿಸಿ ಹೊಸ ಅಕ್ಕಿಯ ಊಟವಾಗಬೇಕು. ಆ ತೆನೆಯನ್ನು ಎಲ್ಲಿಂದ ತಂದರು, ಯಾರ ಮನೆಯಲ್ಲಿ ಹಂಚಿದರು ಎಂದು ಕೇಳಿದರೆ ಆ ಕಾಲದ ಮನೆಗಳೆಲ್ಲ ಒಂದೊಂದಾಗಿ ಹೊರಬರುತ್ತಿದ್ದವು.

ಜಾಗದ ವಿಚಾರದಲ್ಲಿ ನೆನಪನ್ನು ನಂಬಿ ಬರೆಯಬಾರದು. ಕ್ರಯಪತ್ರ, ಋಣಭಾರ ಪತ್ರ, ಖಾತೆ, ಭೂಪರಿವರ್ತನೆಯ ಆದೇಶ, ಇಷ್ಟನ್ನು ಕ್ರಮವಾಗಿ ಜೋಡಿಸಿದರೆ ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂಬ ವಾದ ತಾನಾಗಿ ನಿಲ್ಲುತ್ತದೆ. ದೇವಾಲಯ ಕಟ್ಟಲು ಧರ್ಮಾಧ್ಯಕ್ಷರ ಲಿಖಿತ ಒಪ್ಪಿಗೆ ಬೇಕೇ ಬೇಕು, ಅದರ ಪ್ರತಿಯನ್ನೂ ಕೇಳಿ ಪಡೆಯಬೇಕು.

ದಫ್ತರದಲ್ಲಿ ಕಂಡದ್ದನ್ನೆಲ್ಲ ಅಚ್ಚಿಗೆ ಕೊಡಲಿಲ್ಲ. ದತ್ತು ಪಡೆದ ಮಕ್ಕಳು, ತಂದೆಯ ಹೆಸರಿಲ್ಲದ ನಮೂದುಗಳು ಅಲ್ಲಿರುತ್ತವೆ. ಅವು ಆ ಮನೆಯವರಿಗೆ ಸೇರಿದ ವಿಷಯ. ಹೆಸರು ಬರೆಯಬೇಕಾದ ಕಡೆ ಆಯಾ ಕುಟುಂಬದ ಒಪ್ಪಿಗೆ ಕೇಳಿದೆ, ಬೇಡವೆಂದವರ ಹೆಸರು ಬಿಟ್ಟೆ. ಮಾತುಕತೆಯ ಧ್ವನಿಮುದ್ರಣಗಳನ್ನೂ ದಾಖಲೆಗಳ ಪ್ರತಿಗಳನ್ನೂ ಪಟ್ಟಿ ಮಾಡಿ ಧರ್ಮಕೇಂದ್ರದ ಕಚೇರಿಗೆ ಒಪ್ಪಿಸಿದ್ದೇನೆ. ಕಾರ್ಖಾನೆಯ ವಸತಿಗೃಹಗಳಿಂದ ಊರಿಗೆ ಮರಳಿದ ಕುಟುಂಬಗಳ ಮಾತು ಇನ್ನೂ ಸೇರಬೇಕಿದೆ. ಈಗ ಅವರಿಗೆ ಪತ್ರ ಬರೆಯುತ್ತಿದ್ದೇನೆ.