ಮಣ್ಣಿನ ಪಂಪ್ ಟ್ರ್ಯಾಕ್‌ಗೆ ನೀರಿನ ಲೆಕ್ಕ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವಕ್ಕೆ, ಗುಡ್ಡಗಳಾಚೆಯ ಕಣಿವೆಯೊಂದರಲ್ಲಿ ನಮ್ಮ ಬಡಾವಣೆ ಇದೆ. ಇಲ್ಲಿನ ಉದ್ಯಾನದ ಮೂಲೆಯಲ್ಲಿರುವ ಮಕ್ಕಳ ಪಂಪ್ ಟ್ರ್ಯಾಕ್ ಅನ್ನು, ಅಂದರೆ ಸೈಕಲ್ ಆಟಕ್ಕೆಂದು ಸಾಲು ಉಬ್ಬುತಗ್ಗುಗಳನ್ನು ಕಟ್ಟಿದ ಮಣ್ಣಿನ ಸುತ್ತುಹಾದಿಯನ್ನು, ಕೆಲವು ವರ್ಷಗಳಿಂದ ನಾವು ನಾಲ್ಕೈದು ನೆರೆಹೊರೆಯವರು ಸೇರಿ ನೋಡಿಕೊಳ್ಳುತ್ತಿದ್ದೇವೆ. ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ಮಳೆಯೆಲ್ಲ ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಬೇಸಿಗೆ ಪೂರ್ತಿ ಆಕಾಶ ಬಾಯಿ ಬಿಡುವುದಿಲ್ಲ. ಹೀಗಾಗಿ ನಮ್ಮ ದುಡಿಮೆಯೆಲ್ಲ ನೀರಿನದೇ: ಆರು ತಿಂಗಳು ಕೊಡಬೇಕು, ಆರು ತಿಂಗಳು ಹೊರಗೆ ಹಾಕಬೇಕು.

ಈ ಟ್ರ್ಯಾಕ್‌ನಲ್ಲಿ ಪೆಡಲ್ ತುಳಿಯುವುದಿಲ್ಲ. ಉಬ್ಬನ್ನು ಏರುವಾಗ ಮೈ ಹಗುರ ಮಾಡಿಕೊಂಡು, ಇಳಿಯುವಾಗ ಕೈಕಾಲುಗಳಿಂದ ಸೈಕಲ್ಲನ್ನು ಒತ್ತಿದರೆ ಅದು ತಾನಾಗಿ ವೇಗ ಪಡೆಯುತ್ತದೆ. ಇದು ನಡೆಯಬೇಕಾದರೆ ಉಬ್ಬುಗಳ ಆಕಾರ ಕೆಡಬಾರದು. ನಮ್ಮಲ್ಲಿ ಉಬ್ಬಿನ ಎತ್ತರ ಸುಮಾರು 1 ಅಡಿ, ಒಂದರ ನೆತ್ತಿಯಿಂದ ಮುಂದಿನದರ ನೆತ್ತಿಗೆ 10 ಅಡಿ. ಚಕ್ರಗಳು ಉರುಳಿದಂತೆ ನೆತ್ತಿ ಸವೆದು, ಆ ಮಣ್ಣು ತಗ್ಗಿಗೆ ಇಳಿದು ಕೂರುತ್ತದೆ. ನೋಡುವವರಿಗೆ ಏನೂ ಆಗಿಲ್ಲವೆಂದೇ ಅನಿಸುತ್ತದೆ. ಪುಟ್ಟ ಮಕ್ಕಳು ಅರ್ಧ ಸುತ್ತಿನಲ್ಲೇ ನಿಂತುಬಿಡಲು ಶುರುಮಾಡಿದರೆ ಮಾತ್ರ ಆಕಾರ ಹೋಗಿದೆಯೆಂದು ಖಚಿತ.

ದುರಸ್ತಿಗೆ ಹೊರಗಿನ ಮಣ್ಣು ಬೇಕಿಲ್ಲ. ತಗ್ಗಿನಿಂದ ಅಗೆದದ್ದನ್ನೇ ನೆತ್ತಿಗೆ ಏರಿಸುತ್ತೇವೆ. ಆದರೆ ಒಣಗಿ ನುಣುಪಾದ ಮೇಲ್ಮೈ ಮೇಲೆ ಹೊಸ ಮಣ್ಣು ಸುರಿದರೆ ಅದು ವಾರದೊಳಗೆ ಹಪ್ಪಳವಾಗಿ ಎದ್ದು ಬರುತ್ತದೆ. ಮೊದಲು ಹಳೆಯ ಪದರವನ್ನು ಕೆರೆದು ಒರಟು ಮಾಡಿ, ನೀರು ಚಿಮುಕಿಸಿ, ಎರಡು ಮೂರು ಅಂಗುಲದಷ್ಟೇ ಮಣ್ಣು ಹರಡಿ ದಮ್ಮಸು ಮಾಡಬೇಕು. ಆಮೇಲೆ ಇನ್ನೊಂದು ಪದರ. ಹಸಿ ಎಷ್ಟಿರಬೇಕೆಂದರೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಿಂದ ಒತ್ತಿದರೆ ಎರಡಾಗಿ ಒಡೆಯಬೇಕು, ಅಂಗೈಗೆ ಅಂಟಬಾರದು. ಕೆರೆಯಲು ನಾವು ಬಳಸುವುದು ಮೆಕ್‌ಲೌಡ್ ಎಂಬ ಸಲಕರಣೆ: ಒಂದು ಕಡೆ ದಪ್ಪ ಹಲ್ಲುಗಳು, ಇನ್ನೊಂದು ಕಡೆ ಅಗಲವಾದ ಅಲಗು. ಕಾಡ್ಗಿಚ್ಚನ್ನು ತಡೆಯುವ ಪಟ್ಟೆ ತೆಗೆಯಲೆಂದು 1905ರಲ್ಲಿ ಇದೇ ರಾಜ್ಯದ ಸಿಯೆರಾ ಅರಣ್ಯದ ರೇಂಜರ್ ಮಾಲ್ಕಮ್ ಮೆಕ್‌ಲೌಡ್ ರೂಪಿಸಿದ್ದು. ಬೆನ್ನು ಹೆಚ್ಚು ಬಗ್ಗಿಸದೆ ಇಷ್ಟು ಕೆಲಸ ಮಾಡಿಸುವ ಇನ್ನೊಂದು ಸಾಧನವನ್ನು ನಾನು ಹಿಡಿದಿಲ್ಲ.

ಬೇಸಿಗೆಯಲ್ಲಿ ಜೇಡಿಮಣ್ಣು ಬಿರಿಯುತ್ತದೆ, ಮೇಲ್ಪದರ ಧೂಳಾಗುತ್ತದೆ. ಧೂಳಾಗಿ ಹೋದ ಮಣ್ಣು ಮರಳಿ ಬರುವುದಿಲ್ಲ, ಗಾಳಿಗೆ ಹಾರಿಹೋಗುತ್ತದೆ. ಬಿಸಿಲಿಳಿದ ಮೇಲೆ ಸಣ್ಣ ಹನಿಯಲ್ಲಿ, ಹರಿಯದಂತೆ ನಿಧಾನವಾಗಿ ನೀರು ಹಾಯಿಸಿ ರಾತ್ರಿಯೆಲ್ಲ ಹೀರಲು ಬಿಡುತ್ತೇವೆ. ಈ ರಾಜ್ಯ ಬರವನ್ನು ಕಂಡುಂಡದ್ದು. 2015ರಲ್ಲಿ ನಗರಗಳ ನೀರಿನ ಬಳಕೆಯನ್ನು ಶೇಕಡ 25ರಷ್ಟು ಇಳಿಸಬೇಕೆಂದು ಗವರ್ನರ್ ಆದೇಶ ಹೊರಡಿಸಿದ್ದರು. ಆಟದ ಜಾಗಕ್ಕೆ ಕುಡಿಯುವ ನೀರು ಸುರಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಉದ್ಯಾನಕ್ಕೆ ಬರುವ ನೇರಳೆ ಬಣ್ಣದ ಕೊಳವೆ ಸಂಸ್ಕರಿಸಿದ ಮರುಬಳಕೆಯ ನೀರಿನದು, ನಾವು ಅದನ್ನಷ್ಟೇ ಬಳಸುತ್ತೇವೆ.

ನೀರು ಬಿದ್ದಲ್ಲಿ ಕಳೆ ಇದ್ದದ್ದೇ. ಅದರಲ್ಲಿ ನನಗೆ ಹಳೆಯ ಪರಿಚಯದ್ದು ನೆಗ್ಗಿಲು ಮುಳ್ಳು. ತುಮಕೂರಿನ ಹೊಲದ ಬದುಗಳಲ್ಲಿ ಬರಿಗಾಲಿಗೆ ಚುಚ್ಚುತ್ತಿದ್ದ ಅದೇ ಗಿಡ ಇಲ್ಲಿ ಸೈಕಲ್ ಟ್ಯೂಬುಗಳ ಶತ್ರು. ಇದನ್ನು ಹತೋಟಿಗೆ ತರಲೆಂದೇ 1961ರಲ್ಲಿ ಅಮೆರಿಕಕ್ಕೆ ಎರಡು ಜಾತಿಯ ಮೂತಿಹುಳುಗಳನ್ನು ತಂದು ಬಿಟ್ಟಿದ್ದಾರೆ. ಆದರೂ ಹಳದಿ ಹೂವು ಕಂಡ ಕೂಡಲೇ, ಕಾಯಿ ಕಟ್ಟುವ ಮೊದಲೇ, ಬೇರುಸಹಿತ ಕೀಳುವುದನ್ನು ನಾನು ಬಿಡುವುದಿಲ್ಲ. ಉದುರಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ಮಳೆಗಾಲದಲ್ಲಿ ಕೆಲಸ ಕಡಿಮೆ, ನಿಷ್ಠುರ ಹೆಚ್ಚು. ತಗ್ಗುಗಳಲ್ಲಿ ನಿಂತ ನೀರನ್ನು ಬಕೆಟ್ಟಿನಲ್ಲಿ ಮೊಗೆದು, ಉಳಿದದ್ದನ್ನು ಸ್ಪಂಜಿನಿಂದ ಹೀರಿ ತೆಗೆಯುತ್ತೇವೆ. ಗೇಟಿಗೆ ‘ಮುಚ್ಚಿದೆ’ ಎಂಬ ಫಲಕ ತೂಗುಹಾಕುತ್ತೇವೆ. ಒದ್ದೆ ಮಣ್ಣಿನ ಮೇಲೆ ಒಂದೇ ಒಂದು ಸೈಕಲ್ ಹೋದರೂ ಅದರ ಗಾಡಿಜಾಡು ಗಟ್ಟಿಯಾಗಿ ಒಣಗಿ, ಮುಂದೆ ಬರುವ ಚಕ್ರಗಳನ್ನೆಲ್ಲ ಎಳೆದುಕೊಳ್ಳುತ್ತದೆ. ಇದನ್ನು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿ ಫಲ ಕಾಣಲಿಲ್ಲ. ಜಾಡು ಮುಚ್ಚುವ ದಿನ ಅವರ ಕೈಗೇ ಗುದ್ದಲಿ ಕೊಟ್ಟೆವು. ಈಗ “ಅಂಕಲ್, ಇವತ್ತು ಒಣಗಿದೆಯೇ?” ಎಂದು ಅವರೇ ಮಣ್ಣು ಒತ್ತಿ ನೋಡಿ ಕೇಳುತ್ತಾರೆ.

ಇಷ್ಟೆಲ್ಲ ಪಾಡು ಯಾಕೆ, ಡಾಂಬರು ಹಾಕಿಬಿಡೋಣ ಎಂಬ ಮಾತು ಉದ್ಯಾನದ ಸಭೆಯಲ್ಲಿ ಬಂದಿದೆ. ಅದರಲ್ಲಿ ಸತ್ಯವಿದೆ. ಡಾಂಬರಿನ ಮೇಲೆ ಸ್ಕೇಟ್‌ಬೋರ್ಡ್ ಓಡುತ್ತದೆ, ಗಾಲಿಕುರ್ಚಿಯ ಮಗುವೂ ಸುತ್ತು ಹಾಕಬಹುದು, ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುವಾಗುತ್ತದೆ. ಆದರೆ ಡಾಂಬರಿನ ಉಬ್ಬನ್ನು ಯಾವ ಮಗುವೂ ತಿದ್ದಲಾರದು, ಒಮ್ಮೆ ತಪ್ಪಾಗಿ ಕೂತರೆ ಹಾಗೇ ಉಳಿಯುತ್ತದೆ. ಪಕ್ಕದಲ್ಲಿ ಖಾಲಿ ಜಾಗವಿದೆ. ಅಲ್ಲಿ ಡಾಂಬರಿನದೊಂದು ಸಣ್ಣ ಸುತ್ತು ಮಾಡಿ, ಮಣ್ಣಿನದನ್ನು ನಮಗೇ ಬಿಡಿ ಎಂದು ಅರ್ಜಿ ಬರೆದಿದ್ದೇನೆ. ಮಕ್ಕಳೂ ಸಹಿ ಹಾಕಿದ್ದಾರೆ.